ಸೀಲ್ ಬಿಗಿಯಾಗಿದೆ, ಸರಿ. ಒಳಗಿನ ಗಾಳಿ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಪೆಟ್ರೋಲ್ ತುಂಬಿಸುವಾಗ ಆವಿ ಹೊರಗೆ ಬಾರದಂಥ ನಾಜಲ್ ಮಾಡುವುದು ನಮ್ಮ ಪ್ರಾಜೆಕ್ಟ್. ಬಂಕಿನಲ್ಲಿರುವಂಥ, ಟ್ಯಾಂಕ್ ತುಂಬಿದಾಗ ತಾನೇ ನಿಲ್ಲುವ ಆಟೋ ಕಟ್ ನಾಜಲ್ ತಗೊಂಡು ಅದರ ಮೂತಿಗೆ ರಬ್ಬರ್ ಕೋನ್ ಕೂರಿಸಿದ್ದೇವೆ. ಟ್ಯಾಂಕಿನ ಬಾಯಿಗೆ ಒತ್ತಿದರೆ ಬಿಗಿಯಾಗಿ ಕೂರುತ್ತದೆ. ಟ್ಯಾಂಕು 50 ಲೀಟರಿನ ಪ್ಲಾಸ್ಟಿಕ್, ಎತ್ತರ 30 ಸೆಂ.ಮೀ. ತುಂಬುವ ಪೈಪು ಟ್ಯಾಂಕಿನ ಒಳಗೆ ಇಳಿದು, ತಳದಿಂದ 10 ಸೆಂ.ಮೀ. ಮೇಲೆ ತೆರೆದುಕೊಳ್ಳುತ್ತದೆ. ನಾಜಲ್‌ನ ತುದಿ ತಳದಿಂದ 43 ಸೆಂ.ಮೀ. ಎತ್ತರದಲ್ಲಿರುತ್ತದೆ. ಗಾಳಿ ಹೋಗಲು ಟ್ಯಾಂಕಿನ ಮೇಲೆ 6 ಮಿ.ಮೀ. ಒಳಅಳತೆಯ, 1 ಮೀಟರ್ ಉದ್ದದ ಪೈಪ್ (ವೆಂಟ್) ಇದೆ. ನಿಮಿಷಕ್ಕೆ 40 ಲೀಟರಿನಂತೆ ನೀರು ಬಿಟ್ಟು ನೋಡಿದೆವು. ಕೋನ್ ಬಿಗಿ ಇದ್ದರೆ ಮೂರನೇ ಒಂದು ಭಾಗ ತುಂಬುವಷ್ಟರಲ್ಲಿ ಕಟ್ ಆಗುತ್ತದೆ. ಸಡಿಲ ಬಿಟ್ಟರೆ ಮೂರನೇ ಎರಡು ಭಾಗದವರೆಗೆ ತುಂಬುತ್ತದೆ. ಆಟೋ ಕಟ್ ಇಲ್ಲದ ಸಾದಾ ವಾಲ್ವ್ ಹಾಕಿದಾಗ ಪೂರ್ತಿ ತುಂಬಿತು, ಆದರೆ ಟ್ಯಾಂಕಿನ ಪಕ್ಕ ಉಬ್ಬಿಕೊಂಡಿತು. ಯಾವ ರಬ್ಬರ್ ಬಳಸಿದರೆ ಇದು ಸರಿಹೋಗುತ್ತದೆ?

ಉತ್ತರ: ನೀವು ಅಳತೆಗಳನ್ನು ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಹೆಚ್ಚಿನವರು "ಸರ್, ವರ್ಕ್ ಆಗ್ತಿಲ್ಲ" ಎಂದಷ್ಟೇ ಬರೆಯುತ್ತಾರೆ. ನಿಮ್ಮ ಅಳತೆಗಳಲ್ಲೇ ಉತ್ತರ ಇದೆ. ರಬ್ಬರ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನಿಮ್ಮ ರಬ್ಬರ್ ತಪ್ಪೇ ಮಾಡಿಲ್ಲ. ಅದು ತನ್ನ ಕೆಲಸ ಚೆನ್ನಾಗಿ ಮಾಡಿದ್ದರಿಂದಲೇ ಈ ತೊಂದರೆ ಎಲ್ಲ ಶುರುವಾಗಿದೆ.

ಮೊದಲು ನಾಜಲ್ ಹೇಗೆ ಕಟ್ ಆಗುತ್ತದೆ ನೋಡೋಣ. ಅದರಲ್ಲಿ ಕರೆಂಟ್ ಇಲ್ಲ, ಸೆನ್ಸರ್ ಇಲ್ಲ. ಮೂತಿಯ ತುದಿಯ ಹತ್ತಿರ ಒಂದು ಪುಟ್ಟ ತೂತು ಇರುತ್ತದೆ. ಅಲ್ಲಿಂದ ಒಂದು ಸಣ್ಣ ಕೊಳವೆ ಹಿಡಿಕೆಯ ತನಕ ಹೋಗುತ್ತದೆ. ಹಿಡಿಕೆಯೊಳಗೆ ಇಂಧನ ಒಂದು ಇಕ್ಕಟ್ಟಿನ ಜಾಗದಲ್ಲಿ ವೇಗವಾಗಿ ಹಾಯುತ್ತದೆ. ಅಲ್ಲಿ ಒತ್ತಡ ಇಳಿದು ಆ ಸಣ್ಣ ಕೊಳವೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಇದನ್ನೇ ವೆಂಚುರಿ ಅನ್ನುವುದು. ತೂತಿಗೆ ಗಾಳಿ ಸಿಗುತ್ತಿರುವಷ್ಟು ಹೊತ್ತು ಎಲ್ಲ ಸರಿ. ಇಂಧನ ಮೇಲೆ ಬಂದು ತೂತನ್ನು ಮುಚ್ಚಿದ ಕೂಡಲೇ ಗಾಳಿ ನಿಲ್ಲುತ್ತದೆ, ಒಳಗೆ ಎಳೆತ ಜಾಸ್ತಿಯಾಗುತ್ತದೆ. ಆ ಎಳೆತಕ್ಕೆ ಒಂದು ಡಯಾಫ್ರಮ್ (ಬಗ್ಗುವ ತೆಳ್ಳನೆಯ ಪರದೆ) ಸರಿದು ಕೊಂಡಿ ಬಿಡಿಸುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ.

ಅಂದರೆ ನಾಜಲ್ ಟ್ಯಾಂಕನ್ನು ಅಳೆಯುವುದೇ ಇಲ್ಲ. "ನನಗೆ ಉಸಿರಾಡಲು ಗಾಳಿ ಇದೆಯಾ?" ಅಂತ ಮಾತ್ರ ಕೇಳುತ್ತಿರುತ್ತದೆ.

ಈಗ ನಿಮ್ಮ ಟ್ಯಾಂಕಿಗೆ ಬರೋಣ. ನಿಮಿಷಕ್ಕೆ 40 ಲೀಟರ್ ನೀರು ಒಳಗೆ ಹೋದರೆ ನಿಮಿಷಕ್ಕೆ 40 ಲೀಟರ್ ಗಾಳಿ ಹೊರಗೆ ಬರಲೇಬೇಕು. ನಿಮ್ಮ 6 ಮಿ.ಮೀ. ಪೈಪಿನಲ್ಲಿ ಅಷ್ಟು ಗಾಳಿ ಹೋಗಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು 24 ಮೀಟರ್ ಆಗುತ್ತದೆ. ಪೈಪಿನ ಗೋಡೆಯ ಉಜ್ಜಾಟ, ಒಳಗೆ ನುಗ್ಗುವಾಗಿನ ನಷ್ಟ ಎಲ್ಲ ಸೇರಿಸಿ ನಾನು ಲೆಕ್ಕ ಹಾಕಿದೆ. ಟ್ಯಾಂಕಿನೊಳಗೆ ಸುಮಾರು 2,300 ಪ್ಯಾಸ್ಕಲ್ ಒತ್ತಡ ಕಟ್ಟಿಕೊಳ್ಳುತ್ತದೆ. ಕೇಳೋಕೆ ಸಣ್ಣ ಸಂಖ್ಯೆ. ಆದರೆ ಅದು 23 ಸೆಂ.ಮೀ. ನೀರಿನ ಎತ್ತರಕ್ಕೆ ಸಮ. ತುಂಬುವ ಪೈಪಿನ ಕೆಳಗಿನ ಬಾಯಿ ನೀರಿನಲ್ಲಿ ಮುಳುಗಿದ ಮೇಲೆ, ಆ ಒತ್ತಡ ನೀರನ್ನು ಪೈಪಿನೊಳಗೆ 23 ಸೆಂ.ಮೀ. ಮೇಲಕ್ಕೆ ನೂಕುತ್ತದೆ. ಟ್ಯಾಂಕಿನಲ್ಲಿ ನೀರು 20 ಸೆಂ.ಮೀ. ಇದ್ದಾಗ ಪೈಪಿನಲ್ಲಿ 43 ಸೆಂ.ಮೀ. ಇರುತ್ತದೆ. ನಾಜಲ್ ತುದಿ ಇರುವುದೂ ಅಲ್ಲೇ. ಕೋನ್ ಸಡಿಲ ಬಿಟ್ಟಾಗ ಮೂರನೇ ಎರಡು ಭಾಗಕ್ಕೆ ಕಟ್ ಆಗಿದ್ದು ಇದರಿಂದ. (ಲೆಕ್ಕ ಇಷ್ಟು ಸರಿಯಾಗಿ ಕೂರುವುದು ಅಪರೂಪ. ಅಲುಗಾಟ, ಗುಳ್ಳೆ ಎಲ್ಲ ಸೇರಿ ನಾಲ್ಕೈದು ಸೆಂ.ಮೀ. ಆಚೀಚೆ ಆಗಿಯೇ ಆಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ಅದು ಇನ್ನೂ ಮೇಲೆ ಏರುತ್ತದೆ.)

ಹಾಗಾದರೆ ಕೋನ್ ಬಿಗಿ ಮಾಡಿದಾಗ ಇನ್ನೂ ಬೇಗ, 10 ಸೆಂ.ಮೀ. ಮಟ್ಟದಲ್ಲೇ ಕಟ್ ಆಗಿದ್ದು ಯಾಕೆ? ಪೈಪಿನ ಕೆಳಬಾಯಿ ಇರುವುದೂ 10 ಸೆಂ.ಮೀ.ನಲ್ಲೇ ಅಲ್ವಾ? ಕೆಳಗೆ ನೀರು ಮುಚ್ಚಿತು, ಮೇಲೆ ನಿಮ್ಮ ಕೋನ್ ಮುಚ್ಚಿದೆ. ನಡುವೆ ಸ್ವಲ್ಪ ಗಾಳಿ ಸಿಕ್ಕಿಕೊಂಡಿದೆ. ವೆಂಚುರಿ ಆ ಗಾಳಿಯನ್ನೇ ಎಳೆದುಕೊಂಡು ನೀರಿನ ಜೊತೆ ಕೆಳಗೆ ಕಳಿಸುತ್ತದೆ. ಬೇರೆ ಗಾಳಿ ಬರಲು ದಾರಿ ಇಲ್ಲ. ಗಾಳಿ ಖಾಲಿಯಾದಂತೆ ನೀರು ಮೇಲೇರಿ ತೂತು ಮುಚ್ಚುತ್ತದೆ. ನಾಜಲ್ ಉಸಿರಾಡುತ್ತಿದ್ದ ಗಾಳಿಯನ್ನೇ ನೀವು ಮುಚ್ಚಿಬಿಟ್ಟಿರಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ 6 ಮಿ.ಮೀ. ಪೈಪು ಎಲ್ಲಿಗೆ ಹೋಗುತ್ತದೆ ಅಂತ ನೀವು ಬರೆದಿಲ್ಲ. ಬಯಲಿಗೆ ಬಿಟ್ಟಿದ್ದರೆ ಇಡೀ ಸೀಲ್ ದಂಡ. ಬಾಯಿ ಬಿಗಿಯಾಗಿ ಮುಚ್ಚಿ ಮೂಗಿನಿಂದ ಹೊಗೆ ಬಿಟ್ಟ ಹಾಗೆ. ತುಂಬುವಾಗ ಹೊರಬರುವ ಪ್ರತಿ ಲೀಟರ್ ಗಾಳಿಯಲ್ಲಿ ಸುಮಾರು 1ರಿಂದ ಒಂದೂವರೆ ಗ್ರಾಂ ಪೆಟ್ರೋಲ್ ಆವಿ ಇರುತ್ತದೆ. 50 ಲೀಟರ್ ತುಂಬಿದರೆ 50ರಿಂದ 75 ಗ್ರಾಂ. ಅದು ಕೋನ್ ಪಕ್ಕದಿಂದ ಹೋದರೇನು, ವೆಂಟ್ ಪೈಪಿನಿಂದ ಹೋದರೇನು, ಹೊರಗೆ ಹೋಯಿತು ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳುತ್ತೇನೆ. ಸಾದಾ ನಾಜಲ್ ಸುತ್ತ ಇರುವ ಆ ಸಂದಿ ಏನೇನು ಕೆಲಸ ಮಾಡುತ್ತಿತ್ತು? ಗಾಳಿ ಹೊರಬಿಡುತ್ತಿತ್ತು. ನಾಜಲ್‌ಗೆ ಉಸಿರು ಕೊಡುತ್ತಿತ್ತು. ಆಟೋ ಕಟ್ ಕೈಕೊಟ್ಟರೆ ಇಂಧನ ಹೊರಗೆ ಚೆಲ್ಲಿ ಎಚ್ಚರಿಸುತ್ತಿತ್ತು, ಟ್ಯಾಂಕ್ ಒಡೆಯದಂತೆ ಕಾಯುತ್ತಿತ್ತು. ಎಲ್ಲ ಬಿಟ್ಟಿ ಕೆಲಸ. ಸಂದಿ ಮುಚ್ಚಿದ ಮೇಲೆ ಈ ಒಂದೊಂದಕ್ಕೂ ನೀವೇ ಬೇರೆ ಏರ್ಪಾಡು ಮಾಡಬೇಕು.

ಗಾಳಿಯ ಏರ್ಪಾಡಿಗೆ ಜಗತ್ತು ಈಗಾಗಲೇ ಕೆಲವು ದಾರಿ ಹಿಡಿದಿದೆ. ನಿಮ್ಮದಕ್ಕೆ ತೀರಾ ಹತ್ತಿರದ್ದು ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದಲ್ಲಿ ಬಂದ ನಾಜಲ್. ಅದರ ಮೂತಿಯ ಸುತ್ತ ಅಕಾರ್ಡಿಯನ್ ಥರದ ರಬ್ಬರ್ ತೋಳು ಇರುತ್ತದೆ. ಹೋಸ್ ಒಳಗೆ ಎರಡು ದಾರಿ: ಒಂದರಲ್ಲಿ ಪೆಟ್ರೋಲ್ ಬರುತ್ತದೆ, ಇನ್ನೊಂದರಲ್ಲಿ ಆವಿ ಬಂಕಿನ ನೆಲದಡಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಅಲ್ಲಿ 40 ಲೀಟರ್ ಪೆಟ್ರೋಲ್ ಖಾಲಿಯಾಗಿರುತ್ತದೆ, ಆ ಜಾಗವನ್ನು ಈ 40 ಲೀಟರ್ ಆವಿ ತುಂಬುತ್ತದೆ. ಲೆಕ್ಕ ಚುಕ್ತಾ. ಗಮನಿಸಬೇಕಾದ್ದು ಏನೆಂದರೆ, ರಬ್ಬರ್ ತೋಳು ಒತ್ತಿ ಕೂರದೆ ಇಂಧನವೇ ಬರುವುದಿಲ್ಲ. ಜೊತೆಗೆ, ಟ್ಯಾಂಕಿನ ಒತ್ತಡ ಏರಿದರೆ ಮುಚ್ಚಿಕೊಳ್ಳಲು ಎರಡನೇ ಡಯಾಫ್ರಮ್ ಬೇರೆ ಇರುತ್ತದೆ. ಸೀಲ್ ಮಾಡಿದವರಿಗೆ ಸೀಲ್‌ನ ಅಪಾಯ ಗೊತ್ತಿತ್ತು.

ಎರಡನೆಯ ದಾರಿ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ 1998ರ ಮಾಡೆಲ್‌ನಿಂದ ಹಂತಹಂತವಾಗಿ ಬಂದ ಕಾರುಗಳಲ್ಲಿ ಆವಿ ಹಿಡಿಯುವ ಕೆಲಸ ಕಾರಿನದೇ. ಅವುಗಳಲ್ಲಿ ಹಲವು ಕಾರುಗಳ ನಾಜಲ್ ಸುತ್ತ ರಬ್ಬರ್ ಸೀಲೇ ಇಲ್ಲ. ಮತ್ತೆ ಆವಿ ಹೇಗೆ ನಿಲ್ಲುತ್ತದೆ? ತುಂಬುವ ಪೈಪನ್ನು ಕೆಳಗೆ ಸಣ್ಣದಾಗಿ, ಸುಮಾರು 25 ಮಿ.ಮೀ.ಗೆ ಇಳಿಸಿರುತ್ತಾರೆ. ಹರಿಯುವ ಪೆಟ್ರೋಲ್ ಆ ಪೈಪನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಇಂಧನವೇ ಬಿರಡೆ! ಟ್ಯಾಂಕಿನ ಆವಿ ಆ ಬಿರಡೆ ದಾಟಿ ಮೇಲೆ ಬರಲಾರದು. ಅದು ದಪ್ಪ ಪೈಪೊಂದರ ಮೂಲಕ ಸಕ್ರಿಯ ಇದ್ದಿಲಿನ ಡಬ್ಬಿಗೆ ಹೋಗುತ್ತದೆ. ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಎಂಜಿನ್ ಓಡುವಾಗ ಅದನ್ನು ಎಳೆದು ಸುಟ್ಟುಬಿಡುತ್ತದೆ. ಸವೆಯುವ ಸೀಲ್ ಇಲ್ಲ, ಬದಲಿಸುವ ರಬ್ಬರ್ ಇಲ್ಲ. ಹೊರಗೆ ಹೋಗಬಹುದಾದ ಮಿತಿ ಗ್ಯಾಲನ್‌ಗೆ 0.2 ಗ್ರಾಂ, ಅಂದರೆ ಲೀಟರಿಗೆ 0.05 ಗ್ರಾಂನಷ್ಟು.

ಈ ಎರಡು ಒಳ್ಳೆಯ ಉಪಾಯಗಳು ಒಂದೇ ಬಂಕಿನಲ್ಲಿ ಎದುರಾದಾಗ ತಮಾಷೆ ಆಯಿತು. ಕೆಲವು ಬಂಕುಗಳಲ್ಲಿ ಆವಿಯನ್ನು ಪಂಪ್ ಹಾಕಿ ಎಳೆಯುತ್ತಿದ್ದರು. ಹೊಸ ಕಾರಿನಿಂದ ಆವಿಯೇ ಬರುವುದಿಲ್ಲವಲ್ಲ? ಪಂಪ್ ಸುಮ್ನೆ ಹೊರಗಿನ ಗಾಳಿ ಎಳೆದು ನೆಲದಡಿ ಟ್ಯಾಂಕಿಗೆ ತುಂಬಿತು. ಅಲ್ಲಿ ತಾಜಾ ಗಾಳಿಗೆ ಇನ್ನಷ್ಟು ಪೆಟ್ರೋಲ್ ಆವಿಯಾಗಿ ಬಂಕಿನ ವೆಂಟ್‌ನಿಂದ ಹೊರಗೆ ಹೋಯಿತು. 2012ರಲ್ಲಿ, ಹೊಸ ಕಾರುಗಳು ಸಾಕಷ್ಟು ಬಂದಿವೆ ಎಂದು, ಬಂಕಿನ ಆ ಏರ್ಪಾಡು ಕಡ್ಡಾಯವಲ್ಲ ಎಂದು ಅಮೆರಿಕದ ಪರಿಸರ ಇಲಾಖೆಯೇ ಹೇಳಿತು.

ಮೂರನೆಯದು ನಿಜವಾದ ಬಿಗಿ ಜೋಡಣೆ, ಡ್ರೈ ಬ್ರೇಕ್ ಅನ್ನುತ್ತಾರೆ. ನಾಜಲ್ ಕಡೆ ಒಂದು ವಾಲ್ವ್, ಟ್ಯಾಂಕಿನ ಕಡೆ ಒಂದು ವಾಲ್ವ್. ಎರಡರ ಮುಖವೂ ಚಪ್ಪಟೆ. ಜೋಡಿಸಿದಾಗ ಮುಖಕ್ಕೆ ಮುಖ ಅಂಟಿಕೊಂಡು ಒಟ್ಟಿಗೇ ಹಿಂದೆ ಸರಿಯುತ್ತವೆ. ಬಿಡಿಸಿದಾಗ ನಡುವೆ ಉಳಿಯುವುದು ಕೆಲವೇ ಹನಿ. ಇದರ ವಿನ್ಯಾಸದ ಜೀವ ಇರುವುದು ಸರದಿಯಲ್ಲಿ: ಮೊದಲು ಸೀಲ್ ಕೂರಬೇಕು, ಆಮೇಲೆ ಬೀಗ ಬೀಳಬೇಕು, ಆಮೇಲಷ್ಟೇ ವಾಲ್ವ್ ತೆರೆಯಬೇಕು. ಬಿಡಿಸುವಾಗ ಉಲ್ಟಾ. ವಾಲ್ವ್ ತೆರೆದಿರುವಾಗ ಬೀಗ ಬಿಚ್ಚಲು ಯಾರಿಂದಲೂ ಆಗಬಾರದು. "ಹುಷಾರಾಗಿ ಬಳಸಿ" ಅಂತ ಸ್ಟಿಕ್ಕರ್ ಅಂಟಿಸಿದರೆ ಸಾಲದು, ಲೋಹವೇ ತಡೆಯಬೇಕು.

ವಿಮಾನದ ರೆಕ್ಕೆಯಡಿ ಜೋಡಿಸುವ ನಾಜಲ್ ಹೀಗೇ ಇರುತ್ತದೆ. ಎರಡೂವರೆ ಇಂಚಿನ ಬಾಯಿ, ಮೂರು ಹಲ್ಲು, ತಿರುಗಿಸಿ ಬೀಗ ಹಾಕಬೇಕು. ಒತ್ತಡ ಸುಮಾರು 3.5 ಬಾರ್ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಆ ಬಾಯಿಯ ಮೇಲೆ ಬೀಳುವ ತಳ್ಳು ಲೆಕ್ಕ ಹಾಕಿ ನೋಡಿ, ಸುಮಾರು 110 ಕೆ.ಜಿ. ತೂಕದಷ್ಟು. ಕೈಯಲ್ಲಿ ಒತ್ತಿ ಹಿಡಿಯುವ ಮಾತೇ ಇಲ್ಲ. ಆದರೆ ಅಲ್ಲಿ ಸೀಲ್ ಇರುವುದು ಆವಿ ಹಿಡಿಯಲು ಅಲ್ಲ, ಬೇಗ ತುಂಬಿಸಲು. ಟ್ಯಾಂಕಿನ ಗಾಳಿ ರೆಕ್ಕೆಯ ತುದಿಯ ಕಡೆಯ ವೆಂಟ್‌ನಿಂದ ಆರಾಮಾಗಿ ಹೊರಗೆ ಹೋಗುತ್ತದೆ. ವಿಮಾನದ ಇಂಧನ ಸೀಮೆಎಣ್ಣೆ ಜಾತಿಯದು, ಪೆಟ್ರೋಲ್‌ನಂತೆ ಆವಿಯಾಗುವುದಿಲ್ಲ. ಸೀಲ್ ಯಾಕೆ ಬೇಕು ಅನ್ನುವುದರ ಮೇಲೆ ಇಡೀ ವಿನ್ಯಾಸ ಬದಲಾಗುತ್ತದೆ.

ಫಾರ್ಮುಲಾ 1 ರೇಸಿನಲ್ಲಿ 1994ರಿಂದ 2009ರವರೆಗೆ ರೇಸಿನ ನಡುವೆ ಇಂಧನ ತುಂಬುತ್ತಿದ್ದರು. ಸೆಕೆಂಡಿಗೆ ಸುಮಾರು 12 ಲೀಟರ್! ಅಷ್ಟೇ ಗಾಳಿ ಅಷ್ಟೇ ಬೇಗ ಹೊರಬರಬೇಕು, ಅದಕ್ಕೇ ಹೋಸ್ ಒಳಗೆ ಹೋಸ್: ಒಂದರಲ್ಲಿ ಇಂಧನ ಒಳಗೆ, ಇನ್ನೊಂದರಲ್ಲಿ ಗಾಳಿ ವಾಪಸ್. 1994ರ ಜುಲೈ 31ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ರೇಸ್ ಚಾಲಕ ಯೋಸ್ ವರ್ಸ್ಟಾಪನ್ ಅವರ ಕಾರಿಗೆ ತುಂಬುವಾಗ ನಾಜಲ್ ಬಿಡಿಸಿದ ಮೇಲೂ ಇಂಧನ ಚಿಮ್ಮಿತು. ಬಿಸಿ ಕಾರು, ಕ್ಷಣದಲ್ಲಿ ಬೆಂಕಿ. ಅವರು ಸಣ್ಣಪುಟ್ಟ ಸುಟ್ಟಗಾಯದೊಂದಿಗೆ ಪಾರಾದರು. ತನಿಖೆಯಲ್ಲಿ ಕಂಡದ್ದು: ಒಂದು ಕಸದ ಚೂರು ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ. ತುಂಬುವ ಯಂತ್ರದ ಒಂದು ಫಿಲ್ಟರ್ ತೆಗೆದಿದ್ದರು. ಡ್ರೈ ಬ್ರೇಕ್ ವಾಲ್ವ್ ಎಷ್ಟೇ ನಾಜೂಕಾಗಿರಲಿ, ಒಂದು ಕಾಳು ಮರಳು ಅದನ್ನು ಸೋಲಿಸುತ್ತದೆ. ಫಿಲ್ಟರ್ ಮತ್ತು ಧೂಳಿನ ಮುಚ್ಚಳ ಇಲ್ಲದ ಸೀಲ್ ನಾಜಲ್ ಚಿತ್ರವನ್ನು ಯಾರಾದರೂ ತಂದರೆ ನಾನು ಮುಂದೆ ನೋಡುವುದೇ ಇಲ್ಲ.

ಇನ್ನು ಟ್ಯಾಂಕ್ ಉಬ್ಬಿದ ವಿಷಯ. ನೀರು ವೆಂಟ್‌ನ ಬಾಯಿಗೆ ಬಂದ ಮೇಲೆ ಗಾಳಿಯ ದಾರಿ ಮುಗಿಯಿತು. ಆಮೇಲೆ ಪಂಪಿನ ಒತ್ತಡ ನೇರ ಟ್ಯಾಂಕಿನ ಗೋಡೆಗೆ. ನಿಮ್ಮ ಟ್ಯಾಂಕಿನ ಒಂದು ಪಕ್ಕ 30 × 50 ಸೆಂ.ಮೀ. ಇರಬಹುದು. ಬರೀ 0.1 ಬಾರ್ ಒತ್ತಡಕ್ಕೆ ಆ ಗೋಡೆಯ ಮೇಲೆ 150 ಕೆ.ಜಿ. ಬೀಳುತ್ತದೆ. ಇಬ್ಬರು ದೊಡ್ಡವರು ಹತ್ತಿ ನಿಂತ ಹಾಗೆ. ಸೈಕಲ್ ಟ್ಯೂಬಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಒತ್ತಡ ಇರುತ್ತದೆ, ಆದರೆ ಅದು ದುಂಡಗಿದೆ. ಚಪ್ಪಟೆ ಗೋಡೆಗೆ ಒತ್ತಡ ಆಗಿಬರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಭಾರೀ ಯಂತ್ರಗಳ ಡೀಸೆಲ್ ಟ್ಯಾಂಕ್ ನೋಡಿಕೊಳ್ಳುತ್ತಿದ್ದೆ. ಅವುಗಳ ಬಿಗಿ ನಾಜಲ್ ಟ್ಯಾಂಕಿನ ಒತ್ತಡ ಏರಿದಾಗ ತಾನೇ ಮುಚ್ಚಿಕೊಳ್ಳುತ್ತದೆ. ಟ್ಯಾಂಕ್ ತುಂಬಿದರೆ ಒಂದು ತೇಲುವ ಚೆಂಡು ವೆಂಟ್ ಮುಚ್ಚುತ್ತದೆ, ಒತ್ತಡ ಏರುತ್ತದೆ, ನಾಜಲ್ ಕಟ್. ತುಂಬಿಸುವವರು ಮತ್ತೆ ಲಿವರ್ ಎಳೆದು "ಇನ್ನೊಂದು ಸ್ವಲ್ಪ" ಹಾಕುತ್ತಿದ್ದರು. ಎರಡು ಸಲ, ಮೂರು ಸಲ. ಒಂದು ದಿನ ಉಕ್ಕಿನ ಟ್ಯಾಂಕಿನ ಹೊಟ್ಟೆ ಮುಂದಕ್ಕೆ ಬಂದಿದ್ದನ್ನು ನೋಡಿದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು. ತಪ್ಪು ಆ ಮನುಷ್ಯನದು ಅಂತ ಆಗ ಬೈದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಟ್ಯಾಂಕನ್ನು ಹಿಗ್ಗಿಸಿಯೇ "ತುಂಬಿತು" ಅಂತ ತಿಳಿದುಕೊಳ್ಳುವ ನಾಜಲ್, ವಿನ್ಯಾಸದಲ್ಲೇ ತಪ್ಪು. ಮಟ್ಟವನ್ನು ಟ್ಯಾಂಕಿನೊಳಗಿನ ತೇಲುಬೆಂಡು ನೋಡಬೇಕು. ಅದು ಇಂಧನ ಬರುವ ದಾರಿಯನ್ನೇ ಮುಚ್ಚಬೇಕು, ವೆಂಟನ್ನು ಅಲ್ಲ. ಒತ್ತಡದ ಕಟ್ ಅದರ ಹಿಂದೆ ಎರಡನೇ ಕಾವಲಾಗಿರಲಿ. ಮೂರನೆಯದಾಗಿ ಒತ್ತಡ ಮೀರಿದರೆ ತೆರೆದುಕೊಳ್ಳುವ ರಿಲೀಫ್ ವಾಲ್ವ್. ಮೂರೂ ಬೇಕು.

ಕುತ್ತಿಗೆಯ ತನಕ ತುಂಬಲೂ ಬೇಡಿ. ಪೆಟ್ರೋಲ್ ಬಿಸಿಲಿಗೆ ಹಿಗ್ಗುತ್ತದೆ. 50 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 1 ಲೀಟರ್ ಜಾಸ್ತಿಯಾಗುತ್ತದೆ. ಅದಕ್ಕೆ ಮೇಲೆ ಜಾಗ ಇರಬೇಕು.

ಈಗ ರಬ್ಬರ್. ಮರದ ಹಾಲಿನ ಮಾಮೂಲಿ ರಬ್ಬರ್ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಬೇಡ. ಇಪಿಡಿಎಂ ಅನ್ನುವ ಕೃತಕ ರಬ್ಬರ್ ಬ್ರೇಕ್ ಆಯಿಲ್‌ಗೆ ಒಳ್ಳೆಯದು, ಪೆಟ್ರೋಲಿಗೆ ಅಲ್ಲ. ನೈಟ್ರೈಲ್ ರಬ್ಬರ್ ಅಗ್ಗ, ಡೀಸೆಲ್‌ಗೆ ಧಾರಾಳ ಸಾಕು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದು ಇನ್ನಷ್ಟು ಉಬ್ಬುತ್ತದೆ, ಅಲ್ಲಿ ಎಫ್‌ಕೆಎಂ (ಫ್ಲೋರಿನ್ ಇರುವ ರಬ್ಬರ್) ಹಾಕಿ. ಆದರೆ ಸಾಮಾನ್ಯ ಎಫ್‌ಕೆಎಂ ಮೈನಸ್ 20 ಡಿಗ್ರಿ ಹತ್ತಿರ ಗಡುಸಾಗುತ್ತದೆ. ಫ್ಲೋರೋಸಿಲಿಕೋನ್ ಇನ್ನೂ ಚಳಿ ತಡೆಯುತ್ತದೆ, ಆದರೆ ಬೇಗ ಹರಿಯುತ್ತದೆ. ದಿನಕ್ಕೆ ನೂರು ಸಲ ಉಜ್ಜುವ ಜಾಗಕ್ಕೆ ಅದು ಆಗದು. ಓ-ರಿಂಗ್ (ಉಂಗುರದಂಥ ರಬ್ಬರ್ ಸೀಲ್) ಆದರೆ ದಪ್ಪದ ಶೇ. 15ರಿಂದ 25 ಅದುಮಿದರೆ ಸಾಕು. ಗಾಡಿಯನ್ನು ಪೂರ್ತಿ ತುಂಬಿಸಿಬಿಡಬೇಡಿ, ಉಬ್ಬಲು ಜಾಗ ಬಿಡಿ. (ಗಾಡಿ ಅಂದರೆ ವಾಹನ ಅಲ್ಲ, ಓ-ರಿಂಗ್ ಕೂರುವ ತೋಡು. ನಮ್ಮ ವರ್ಕ್‌ಶಾಪಿನ ಭಾಷೆ, ಕ್ಷಮಿಸಿ.) ಮೆತ್ತನೆಯ ಭಾಗ ಯಾವಾಗಲೂ ನಾಜಲ್ ಕಡೆ ಇರಲಿ, ಟ್ಯಾಂಕಿನ ಕಡೆ ಬರೀ ನುಣುಪಾದ ಲೋಹ. ಸವೆದರೆ ಒಂದು ನಾಜಲ್‌ನ ರಬ್ಬರ್ ಬದಲಿಸಿದರೆ ಮುಗಿಯಿತು, ಸಾವಿರ ಟ್ಯಾಂಕಿನದ್ದಲ್ಲ.

ನಿಮ್ಮ ಕೋನ್ ಬಗ್ಗೆ ಒಂದು ಎಚ್ಚರಿಕೆ ಇದೆ. ನೀರಿನಲ್ಲಿ ನೋಡಿ ಸರಿಯಾಯಿತು ಅಂತ ಪೆಟ್ರೋಲಿಗೆ ಹಾರಬೇಡಿ. ಪೆಟ್ರೋಲ್ ಹರಿಯುವಾಗ ಸ್ಥಿರವಿದ್ಯುತ್ ಹುಟ್ಟುತ್ತದೆ, ನೀರಿನಲ್ಲಿ ಆ ತೊಂದರೆ ಇಲ್ಲ. ಸಾದಾ ನಾಜಲ್‌ನ ಲೋಹದ ಮೂತಿ ಟ್ಯಾಂಕಿನ ಲೋಹದ ಬಾಯಿಗೆ ತಾಗಿ ಆ ವಿದ್ಯುತ್ತನ್ನು ಇಳಿಸುತ್ತದೆ. ನಿಮ್ಮ ರಬ್ಬರ್ ಕೋನ್ ಎರಡನ್ನೂ ಬೇರೆ ಮಾಡಿದೆ, ಮೇಲೆ ಟ್ಯಾಂಕೂ ಪ್ಲಾಸ್ಟಿಕ್. ಸೀಲ್ ಕೂರುವ ಮೊದಲೇ ಲೋಹಕ್ಕೆ ಲೋಹ ತಾಗುವಂತೆ ಒಂದು ಸ್ಪ್ರಿಂಗ್ ಬೆರಳು ಇಡಿ, ಅಲ್ಲಿಂದ ನೆಲಕ್ಕೆ ಅರ್ಥಿಂಗ್ ಕೊಡಿ. ದೊಡ್ಡ ಟ್ಯಾಂಕುಗಳಲ್ಲಿ ತುಂಬುವ ಪೈಪಿನ ಬಾಯಿ ಮುಳುಗುವ ತನಕ ವೇಗವನ್ನು ಸೆಕೆಂಡಿಗೆ 1 ಮೀಟರ್ ಒಳಗೆ ಇಡುತ್ತಾರೆ, ಚಿಮ್ಮಿ ಬೀಳುವ ಇಂಧನ ಜಾಸ್ತಿ ವಿದ್ಯುತ್ ಹೊತ್ತಿರುತ್ತದೆ ಅಂತ. ಪ್ರಾಜೆಕ್ಟ್ ಪೂರ್ತಿ ನೀರಿನಲ್ಲೇ ಮುಗಿಸಿದರೂ ಅಂಕ ಕಡಿಮೆಯಾಗದು. ಪೆಟ್ರೋಲ್ ಪರೀಕ್ಷೆಯನ್ನು ಅದಕ್ಕೆಂದೇ ಇರುವ ಲ್ಯಾಬ್ ಮಾಡಲಿ.

ಈಗ ನಿಮ್ಮ ಮುಂದಿನ ಕೆಲಸ. ವೆಂಟ್ ಪೈಪನ್ನು 6ರ ಬದಲು 12 ಮಿ.ಮೀ. ಮಾಡಿ, ಉದ್ದ ಅಷ್ಟೇ ಇರಲಿ. ನನ್ನ ಲೆಕ್ಕದಲ್ಲಿ ಒತ್ತಡ 23 ಸೆಂ.ಮೀ. ನೀರಿನಿಂದ 1 ಸೆಂ.ಮೀ.ಗೆ ಇಳಿಯುತ್ತದೆ. ಹೌದು, ಅಳತೆ ಎರಡು ಪಟ್ಟು ಮಾಡಿದರೆ ಒತ್ತಡ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಕಡಿಮೆಯಾಗುತ್ತದೆ. ಅದರ ಜೊತೆ ಟ್ಯಾಂಕಿನ ಮೇಲ್ಭಾಗದಿಂದ ಇನ್ನೊಂದು ಸಣ್ಣ ಪೈಪನ್ನು ತುಂಬುವ ಪೈಪಿನ ತಲೆಗೆ, ಕೋನ್‌ನ ಕೆಳಗೆ ಸೇರಿಸಿ. ನಾಜಲ್‌ಗೆ ಉಸಿರು ಅಲ್ಲಿಂದ ಸಿಗುತ್ತದೆ, ಹೊರಗಿನ ಗಾಳಿ ಬೇಕಾಗುವುದಿಲ್ಲ. ಕಾರಿನ ತುಂಬುವ ಪೈಪಿನ ಪಕ್ಕ ಒಂದು ತೆಳ್ಳನೆಯ ಪೈಪ್ ಅಂಟಿಕೊಂಡು ಹೋಗುವುದನ್ನು ನೋಡಿರಬಹುದು, ಇದೇ ಅದು. ವೆಂಟ್‌ನ ಇನ್ನೊಂದು ತುದಿಯನ್ನು ನೀರು ಬರುವ ಡ್ರಮ್ಮಿನ ಮೇಲ್ಭಾಗಕ್ಕೆ ಜೋಡಿಸಿ. ಆ ಡ್ರಮ್ಮಿನ ಮುಚ್ಚಳವೂ ಬಿಗಿ ಇರಲಿ. ಆಗ ಆವಿ ಸುತ್ತು ಹೊಡೆದು ವಾಪಸ್ ಬರುತ್ತದೆ.

ಟ್ಯಾಂಕಿನ ಮೇಲೆ ಒಂದು ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಗ್ಗಿಸಿ, ಬಣ್ಣದ ನೀರು ಹಾಕಿ, ಪಕ್ಕದಲ್ಲಿ ಸ್ಕೇಲ್ ಕಟ್ಟಿ. ಒತ್ತಡ ಕಣ್ಣಿಗೇ ಕಾಣುತ್ತದೆ. ಮೊದಲು ಹಳೆಯ 6 ಮಿ.ಮೀ. ಪೈಪಿನಲ್ಲಿ ಓದಿ, ಆಮೇಲೆ 12ರಲ್ಲಿ. ಎರಡೂ ಸಂಖ್ಯೆ ಬರೆದು ಕಳಿಸಿ. ಮೊದಲನೆಯದು 20 ಸೆಂ.ಮೀ.ಗಿಂತ ಕಡಿಮೆ ಬಂದರೆ ನಿಮ್ಮ ಕೋನ್ ಎಲ್ಲೋ ಸೋರುತ್ತಿರಬಹುದು, ರಬ್ಬರ್ ಬಗ್ಗೆ ಆಗ ಮತ್ತೆ ಮಾತಾಡೋಣ.